ಹಿಂದಲೆಯ ಗಾಯ: ಕೇಶನಾಟಿಯಲ್ಲಿ ಹೊಲಿಗೆಯ ವಿಚಾರ

ಮೂರನೆಯ ಮೈಸೂರು ಯುದ್ಧದ ಪಾಠವನ್ನು ಹೇಳುವ ಅಧ್ಯಾಪಕರಿಗೆ ಕಾವಸ್ಜಿಯ ಕಥೆ ಪರಿಚಿತವಾದುದೇ. ಇಂಗ್ಲಿಷರ ದಂಡಿನಲ್ಲಿ ಎತ್ತುಗಳನ್ನು ಹೊಡೆಯುವ ಕೆಲಸಕ್ಕಿದ್ದ ಈ ಮರಾಠನು 1792ರ ಯುದ್ಧದಲ್ಲಿ ಟೀಪೂ ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ತರುವಾಯ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಆತನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಕಟ್ಟಿಕೊಟ್ಟನು. ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಇಪ್ಪತ್ತು ವರ್ಷಗಳ ಮೇಲೆ, 1814ರಲ್ಲಿ, ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಅದೇ ಮಾರ್ಗವನ್ನು ಇಂಗ್ಲೆಂಡಿನಲ್ಲಿ ಅನುಸರಿಸಿದನು. ಇಷ್ಟನ್ನು ಹೇಳಿ ಮುಂದಿನ ಪಾಠಕ್ಕೆ ಹೋಗುವುದು ನಮ್ಮ ವಾಡಿಕೆ. ಕಳೆದ ವರ್ಷ ನನ್ನ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಎದ್ದು, “ಮೂಗೇನೋ ಬಂತು ಸಾರ್, ಹಣೆಯ ಗತಿ ಏನಾಯಿತು?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಸಂಜೆ ವೃತ್ತಾಂತವನ್ನು ಮತ್ತೊಮ್ಮೆ ತೆಗೆದು ನೋಡಿದೆನು. ಹೊಸ ಮೂಗಿನ ಅಂಚುಗಳನ್ನು ಕೂಡಿಸುವುದಕ್ಕೆ ಸೂಜಿದಾರಗಳನ್ನು ಬಳಸಿದ ಮಾತೇ ಅಲ್ಲಿ ಇಲ್ಲ. ನೀರಿನಲ್ಲಿ ಮೆದುಮಾಡಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ, ಅಂಥ ಐದಾರು ಪಟ್ಟಿಗಳನ್ನು ಒಂದರ ಮೇಲೊಂದರಂತೆ ಅಂಟಿಸಿ, ನಾಲ್ಕು ದಿನ ಹಾಗೆಯೇ ಬಿಟ್ಟಿದ್ದಾರೆ. ಹಣೆಯ ಕಲೆಯು ಕಾಲಕ್ರಮದಲ್ಲಿ ಅಷ್ಟಾಗಿ ಎದ್ದುಕಾಣುವುದಿಲ್ಲವೆಂದೂ ಬರೆದಾತನು ಒಂದು ಮಾತು ಸೇರಿಸಿದ್ದಾನೆ. ನನ್ನ ವಿದ್ಯಾರ್ಥಿಯ ಪ್ರಶ್ನೆಯನ್ನು ಅವನೂ ಕೇಳಿಕೊಂಡಿದ್ದನೆಂದು ಇದರಿಂದ ಊಹಿಸಬಹುದು. ಒಂದೆಡೆಯಿಂದ ತೆಗೆದು ಇನ್ನೊಂದೆಡೆಯಲ್ಲಿ ಇಡುವ ಶಸ್ತ್ರಕ್ರಿಯೆಗಳಲ್ಲೆಲ್ಲ ಗಾಯಗಳು ಎರಡು. ಇತಿಹಾಸವಾದರೋ ಪಡೆದ ಎಡೆಯನ್ನು ವರ್ಣಿಸುತ್ತದೆಯೇ ಹೊರತು ಕೊಟ್ಟ ಎಡೆಯನ್ನು ಸಾಮಾನ್ಯವಾಗಿ ಮರೆಯುತ್ತದೆ. ಈ ಮರೆವಿಗೆ ನಮ್ಮ ಕಾಲದಲ್ಲಿ ದೊರೆಯುವ ಸ್ಪಷ್ಟವಾದ ಉದಾಹರಣೆ ಕೇಶನಾಟಿ. ಅದರಲ್ಲಿ ಕೊಟ್ಟ ಎಡೆಯೆಂದರೆ ಹಿಂದಲೆ. ಆ ಗಾಯವನ್ನು ಮುಚ್ಚುವ ಬಗೆ ಹೇಗೆ ಬೆಳೆದುಬಂದಿತೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವೈದ್ಯನಲ್ಲದವನಿಗೆ ಈ ವಿಚಾರವೇಕೆಂದು ವಾಚಕರು ಕೇಳಬಹುದು. ನನ್ನ ಹಿರಿಯ ಮಿತ್ರರೊಬ್ಬರು ಅನೇಕ ವರ್ಷಗಳ ಹಿಂದೆ ಈ ಚಿಕಿತ್ಸೆ ಮಾಡಿಸಿಕೊಂಡವರು. ಮುಂದಲೆಯ ಕೂದಲನ್ನು ಅವರು ಮೆಚ್ಚಿಕೊಂಡೇ ಇದ್ದಾರೆ. ಆದರೆ ಕ್ಷೌರಕ್ಕೆ ಕುಳಿತಾಗಲೆಲ್ಲ “ಹಿಂದೆ ಮೆಷಿನ್ ಹಚ್ಚಬೇಡಪ್ಪ, ಕತ್ತರಿಯಲ್ಲೇ ಮುಗಿಸು” ಎಂದು ಹೇಳುವುದನ್ನು ಮರೆಯರು. ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಿನವರೆಗೆ, ಕಿರುಬೆರಳಿನಷ್ಟು ಅಗಲವಾದ ಬಿಳಿಯ ಗೀರೊಂದು ಅಲ್ಲಿದೆ. ಅದು ಹಾಗೆ ಅಗಲವಾಗಬೇಕಾಗಿತ್ತೇ ಎಂಬ ಅವರ ಪ್ರಶ್ನೆಯೂ ನನ್ನನ್ನು ಈ ಓದಿಗೆ ಎಳೆಯಿತು.

ಕೇಶನಾಟಿಗೆ ಆಧಾರವಾದ ತತ್ತ್ವ ಸರಳವಾದುದು. ಗಂಡಸರ ಸಾಮಾನ್ಯ ಬೋಳುತನದಲ್ಲಿ ಮುಂದಲೆ ನೆತ್ತಿಗಳ ಕೂದಲು ಉದುರಿದರೂ ಹಿಂದಲೆ ಮತ್ತು ಪಕ್ಕಗಳ ಕೂದಲು ಬಹುಮಟ್ಟಿಗೆ ಉಳಿಯುತ್ತದೆ. ಈ ಕೂದಲನ್ನು ಬೇರುಸಹಿತವಾಗಿ ತೆಗೆದು ಬೋಳಾದ ಭಾಗದಲ್ಲಿ ನೆಟ್ಟರೆ, ಅದು ತಾನು ಹೊರಟ ಎಡೆಯ ಗುಣವನ್ನೇ ಉಳಿಸಿಕೊಂಡು ಬೆಳೆಯುತ್ತದೆ. ನಾಟಿ ಎಂಬ ನಮ್ಮ ಮಾತೇ ಇಲ್ಲಿ ಅರ್ಥವತ್ತಾಗಿದೆ. ಸಸಿಮಡಿಯಿಂದ ಪೈರನ್ನು ಕಿತ್ತು ಗದ್ದೆಯಲ್ಲಿ ನೆಡುವಂತೆ ಈ ಕೆಲಸ. ಭೇದವಿಷ್ಟೆ: ಸಸಿಮಡಿಯನ್ನು ಮುಂದಿನ ವರ್ಷ ಮತ್ತೆ ಬಿತ್ತಬಹುದು, ಹಿಂದಲೆಯಲ್ಲಿ ಕಿತ್ತುದು ಕಿತ್ತಂತೆಯೇ.

ತಲೆಯ ಚರ್ಮವು ಮೈಯ ಇತರ ಭಾಗಗಳ ಚರ್ಮದಂತಲ್ಲ. ಹೊರಗಿನ ಚರ್ಮ, ಅದರ ಕೆಳಗೆ ನಾರುಗಳಿಂದ ಬಿಗಿದ ಕೊಬ್ಬಿನ ಪದರ, ಅದರಡಿಯಲ್ಲಿ ಗಟ್ಟಿಯಾದ ಗೇಲಿಯಾ ಪೊರೆ, ಆಮೇಲೆ ಸಡಿಲವಾದ ಒಂದು ಪದರ, ಕೊನೆಗೆ ಎಲುಬನ್ನು ಹೊದೆದ ಪೊರೆ, ಹೀಗೆ ಐದು ಪದರಗಳು. ರಕ್ತನಾಳಗಳು ಹೆಚ್ಚಾಗಿ ಹರಿಯುವುದು ಎರಡನೆಯ ಪದರದಲ್ಲಿ. ಅಲ್ಲಿನ ನಾರುಗಳು ನಾಳಗಳ ಗೋಡೆಯನ್ನು ಹಿಡಿದುಕೊಂಡಿರುವುದರಿಂದ, ಕತ್ತರಿಸಿದಾಗ ಅವು ತಾವಾಗಿ ಮುದುಡಿಕೊಳ್ಳವು. ತಲೆಗೆ ಸಣ್ಣ ಪೆಟ್ಟು ಬಿದ್ದರೂ ರಕ್ತ ಧಾರೆಯಾಗಿ ಸುರಿಯುವುದು ಈ ಕಾರಣದಿಂದ. ಆದರೆ ರಕ್ತಸಂಚಾರ ಹೇರಳವಾಗಿರುವುದರಿಂದಲೇ ತಲೆಯ ಗಾಯ ಬೇಗ ಮಾಯುತ್ತದೆ. ಕೂದಲಿನ ಬೇರುಗಳು, ಅಂದರೆ ರೋಮಕೂಪಗಳು, ಚರ್ಮದಿಂದಿಳಿದು ಈ ಕೊಬ್ಬಿನ ಪದರದ ಮೇಲುಭಾಗಕ್ಕೆ ಮುಟ್ಟಿರುತ್ತವೆ. ಆದುದರಿಂದ ಶಸ್ತ್ರವೈದ್ಯನ ಕತ್ತಿ ರೋಮಕೂಪಗಳ ಬುಡಕ್ಕಿಂತ ಸ್ವಲ್ಪ ಕೆಳಗೆ, ಗೇಲಿಯಾ ಪೊರೆಗಿಂತ ಮೇಲೆ ಸಾಗಬೇಕು. ಹೊಲಿಯುವ ಸೂಜಿಯೂ ಇದೇ ಇಕ್ಕಟ್ಟಿನಲ್ಲಿ ಕೆಲಸಮಾಡಬೇಕಾಗುತ್ತದೆ.

ಹೊಲಿಗೆಯ ಶಾಸ್ತ್ರ ನಮ್ಮಲ್ಲಿ ಬಹು ಹಳೆಯದು. ಸುಶ್ರುತನು ಎಣಿಸಿದ ಎಂಟು ಬಗೆಯ ಶಸ್ತ್ರಕರ್ಮಗಳಲ್ಲಿ ಸೀವ್ಯವೂ ಒಂದು. ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ಅವನು ವೇಲ್ಲಿತಕ, ಗೋಫಣಿಕಾ, ತುನ್ನಸೇವನೀ, ಋಜುಗ್ರಂಥಿ ಎಂದು ನಾಲ್ಕು ಬಗೆಯ ಹೊಲಿಗೆಗಳನ್ನು ಹೆಸರಿಸುತ್ತಾನೆ. ಹೆಸರುಗಳೇ ಅರ್ಥವನ್ನು ಸೂಚಿಸುತ್ತವೆ: ಬಳ್ಳಿಯಂತೆ ಸುತ್ತಿ ಹೋಗುವುದು ಮೊದಲನೆಯದು, ಹರಿದ ಬಟ್ಟೆಗೆ ದರ್ಜಿ ಹಾಕುವಂಥದು ಮೂರನೆಯದು, ನೇರವಾದ ಗಂಟುಗಳದು ಕೊನೆಯದು. ನಾರುಬಟ್ಟೆಯ ನೂಲು, ಸೆಣಬು, ಸ್ನಾಯು, ಕೂದಲು, ಅಮೃತಬಳ್ಳಿಯ ನಾರು ಇವೆಲ್ಲ ಅವನ ದಾರಗಳು. ಮಾಂಸ ಕಡಿಮೆಯಿರುವೆಡೆಗೆ ಎರಡಂಗುಲದ ದುಂಡು ಸೂಜಿ, ಮಾಂಸಲವಾದೆಡೆಗೆ ಮೂರಂಗುಲದ ಮುಮ್ಮೂಲೆಯ ಸೂಜಿ, ಮರ್ಮಸ್ಥಾನಗಳಿಗೆ ಬಿಲ್ಲಿನಂತೆ ಬಾಗಿದ ಸೂಜಿ. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಂಡ ಮಾತುಗಳು ಎರಡು. ಸೂಜಿಯನ್ನು ಗಾಯದ ಅಂಚಿನಿಂದ ಬಹು ದೂರದಲ್ಲಿ ಚುಚ್ಚಿದರೆ ನೋವು, ಬಹು ಹತ್ತಿರ ಚುಚ್ಚಿದರೆ ಅಂಚು ಹರಿದುಹೋಗುತ್ತದೆ ಎಂಬುದು ಒಂದು. ಹೊಲಿಯುವ ಮುನ್ನ ಧೂಳು, ಉಗುರು, ಕೂದಲು, ಸಡಿಲವಾದ ಎಲುಬಿನ ಚೂರು ಇವನ್ನು ತೆಗೆಯಬೇಕು, ಇಲ್ಲದಿದ್ದರೆ ಗಾಯ ಕೀವುಗೂಡುತ್ತದೆ ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದು ಬೇರೊಂದು ರೀತಿಯಲ್ಲಿ ಎದುರಾಗುತ್ತದೆ.

ಆಧುನಿಕ ಕೇಶನಾಟಿಯ ಮೊದಲ ಮುಖ್ಯ ಬರಹ 1939ರದು. ಜಪಾನಿನ ಚರ್ಮವೈದ್ಯ ಶೋಜಿ ಒಕುಡ ಎಂಬವರು ಚಿಕ್ಕ ಕೊಳವೆಯಂಥ ದುಂಡು ಕತ್ತಿಯಿಂದ ಕೂದಲುಳ್ಳ ಚರ್ಮದ ಬಿಲ್ಲೆಗಳನ್ನು ತೆಗೆದು, ಸುಟ್ಟಗಾಯ ಮೊದಲಾದವುಗಳಿಂದ ಕೂದಲು ಹೋದ ಕಲೆಗಳಲ್ಲಿ ನೆಟ್ಟರು. ಬರಹ ಜಪಾನೀ ಭಾಷೆಯಲ್ಲಿದ್ದುದರಿಂದಲೂ, ಹಿಂದೆಯೇ ಮಹಾಯುದ್ಧ ಬಂದುದರಿಂದಲೂ, ಪಶ್ಚಿಮದೇಶದವರಿಗೆ ಅದು ಬಹುಕಾಲ ತಿಳಿಯಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಶ್ 1950ರ ದಶಕದಲ್ಲಿ ಇದೇ ದುಂಡು ಕತ್ತಿಯ ಮಾರ್ಗವನ್ನು ಸಾಮಾನ್ಯ ಬೋಳುತನಕ್ಕೆ ಅನ್ವಯಿಸಿ, 1959ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಹಿಂದಲೆಯ ಕೂದಲು ಎಲ್ಲಿ ನೆಟ್ಟರೂ ತನ್ನ ಗುಣವನ್ನು ಬಿಡದೆಂಬ ಮೇಲಿನ ತತ್ತ್ವ ಲೋಕಕ್ಕೆ ಸ್ಪಷ್ಟವಾದುದು ಈ ಬರಹದಿಂದ.

ಈ ಕಾಲದ ಬಿಲ್ಲೆಗಳ ಅಗಲ ಸಾಮಾನ್ಯವಾಗಿ 4 ಮಿಲಿಮೀಟರು. ಬಿಲ್ಲೆ ತೆಗೆದಲ್ಲಿ ಉಳಿದ ಗುಂಡಿಯನ್ನು ಮೊದಮೊದಲು ಹೊಲಿಯುತ್ತಲೇ ಇರಲಿಲ್ಲ. ರಕ್ತಸಂಚಾರ ಚೆನ್ನಾಗಿರುವ ತಲೆಯಲ್ಲಿ ಸಣ್ಣ ಗುಂಡಿ ತಾನಾಗಿ ತುಂಬಿ ಮಾಯುತ್ತದೆ. ಸುತ್ತಲಿನ ಕೂದಲು ಮರೆಮಾಡುತ್ತದೆ. ಹೊಲಿಗೆಯ ಶ್ರಮವೇಕೆ ಎಂಬುದು ಆಗಿನ ಭಾವನೆ. ಗಾಯಗಳು ಮಾದುದು ನಿಜ. ಆದರೆ ಹಾಗೆ ಮಾದ ಗುಂಡಿ ಒಂದೊಂದೂ ಕೂದಲಿಲ್ಲದ ಬಿಳಿಯ ಚುಕ್ಕೆಯಾಯಿತು. ಅಂಥ ನೂರಾರು ಚುಕ್ಕೆಗಳು ಸಾಲುಸಾಲಾಗಿ ಹಿಂದಲೆಯಲ್ಲಿ ನಿಂತವು. ಮುಂದಲೆಯಲ್ಲಿಯೂ ಒಂದೊಂದು ಬಿಲ್ಲೆಯಲ್ಲಿ ಹತ್ತಾರು ಕೂದಲು ಒಟ್ಟಿಗೆ ಎದ್ದು ಗೊಂಬೆಯ ತಲೆಯಂತೆ ಕಂಡುದರಿಂದ, ಜನ ಆಡಿಕೊಂಡುದೆಲ್ಲ ಅದನ್ನೇ. ಹಿಂದಿನ ಚುಕ್ಕೆಗಳ ಸುದ್ದಿ ಯಾರೂ ಎತ್ತಲಿಲ್ಲ. ವಯಸ್ಸಾದಂತೆ ಹಿಂದಲೆಯ ಕೂದಲೂ ತೆಳುವಾದಾಗ ಅವು ತಾವಾಗಿ ಹೊರಬಿದ್ದವು.

ಮುಂದಿನ ಬದಲಾವಣೆ ಬಂದುದು ಸೂಕ್ಷ್ಮದರ್ಶಕದ ಮೂಲಕ. ಮನುಷ್ಯನ ತಲೆಯಲ್ಲಿ ಕೂದಲು ಬಿಡಿಬಿಡಿಯಾಗಿಯಲ್ಲದೆ ಒಂದರಿಂದ ನಾಲ್ಕರವರೆಗಿನ ಚಿಕ್ಕ ಗೊಂಚಲುಗಳಾಗಿ ಬೆಳೆಯುತ್ತದೆಂಬುದನ್ನು 1984ರಲ್ಲಿ ಹೆಡಿಂಗ್ಟನ್ ವಿವರಿಸಿದರು. ಈ ಗೊಂಚಲುಗಳನ್ನೇ ನೆಟ್ಟರೆ ಸಹಜವಾಗಿ ಕಾಣುತ್ತದೆ. ಅವುಗಳನ್ನು ಪಡೆಯುವುದಕ್ಕೆ ಹಿಂದಲೆಯಿಂದ ಒಂದು ಉದ್ದನೆಯ ಪಟ್ಟಿಯನ್ನು ಇಡಿಯಾಗಿ ತೆಗೆದು, ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸುವ ಕ್ರಮವನ್ನು ಟೆಕ್ಸಾಸಿನ ಬಾಬ್ಬಿ ಲಿಮ್ಮರ್ 1988ರಿಂದ ರೂಢಿಸಿ 1994ರಲ್ಲಿ ಪ್ರಕಟಿಸಿದರು. ಬಿಲ್ಲೆಯ ಗುಂಡಿಯನ್ನು ತೆರೆದಿಡಬಹುದು. ಇಪ್ಪತ್ತು ಸೆಂಟಿಮೀಟರು ಉದ್ದದ ಕಂದಕವನ್ನು ತೆರೆದಿಡಲಾಗದು. ಹೊಲಿಗೆ ಕೇಶನಾಟಿಯಲ್ಲಿ ಪ್ರಧಾನವಾದುದು ಇಲ್ಲಿಂದ.

ಇಲ್ಲಿ ಒಂದು ಲೆಕ್ಕವನ್ನು ಕೊಡುವುದು ಅವಶ್ಯಕ. ಒಂದು ಚದರ ಸೆಂಟಿಮೀಟರಿನಲ್ಲಿ 75 ಗೊಂಚಲುಗಳಿವೆಯೆಂದು ಇಟ್ಟುಕೊಳ್ಳೋಣ. 20 ಸೆಂಟಿಮೀಟರು ಉದ್ದ, 1 ಸೆಂಟಿಮೀಟರು ಅಗಲದ ಪಟ್ಟಿಯಿಂದ 1,500 ಗೊಂಚಲುಗಳು ದೊರೆಯುತ್ತವೆ. ಅಗಲವನ್ನು ಒಂದೇ ಮಿಲಿಮೀಟರು ಹೆಚ್ಚಿಸಿದರೆ ಇನ್ನೂ 150 ಸಿಕ್ಕುತ್ತವೆ. ಪ್ರಲೋಭನೆ ಎಲ್ಲಿದೆಯೆಂಬುದು ಇದರಿಂದ ವೇದ್ಯವಾಗುತ್ತದೆ. ಗೊಂಚಲಿನ ಲೆಕ್ಕದಲ್ಲಿ ಹಣ ಸಲ್ಲುವ ಕಡೆ ರೋಗಿಗೂ ವೈದ್ಯನಿಗೂ ಅಗಲವಾದ ಪಟ್ಟಿಯೇ ಲಾಭವೆಂದು ತೋರುತ್ತದೆ. ಆದರೆ ಪಟ್ಟಿ ಅಗಲವಾದಷ್ಟೂ ಎರಡು ಅಂಚುಗಳನ್ನು ಕೂಡಿಸಲು ಹೆಚ್ಚು ಎಳೆಯಬೇಕು. ಎಳೆತ ಹೆಚ್ಚಾದಷ್ಟೂ ಕಲೆ ಅಗಲವಾಗುತ್ತದೆ. ಚರ್ಮದಲ್ಲಿ ಸಹಜವಾದ ಎಳೆತದ ರೇಖೆಗಳಿವೆಯೆಂಬುದನ್ನು ವಿಯೆನ್ನಾದ ಕಾರ್ಲ್ ಲಾಂಗರ್ 1861ರಲ್ಲಿಯೇ ತೋರಿಸಿದ್ದನು. ಆ ಮೂಲಪಾಠವೇ ಇಲ್ಲಿ ಮತ್ತೆ ಎದುರಾಗುವುದು. ಯಾವ ದಾರ, ಯಾವ ಗಂಟು ಎಂಬ ಚರ್ಚೆಗಿಂತ ಮೊದಲು ತೀರ್ಮಾನವಾಗಬೇಕಾದುದು ಪಟ್ಟಿಯ ಅಗಲ. ಕತ್ತಿ ಮಾಡಿದ ತಪ್ಪನ್ನು ಸೂಜಿ ತಿದ್ದಲಾರದು. ಹಿಂದಲೆಯನ್ನು ಬೆರಳುಗಳಿಂದ ಮೇಲೆ ಕೆಳಗೆ ಸರಿಸಿ, ಚರ್ಮ ಎಷ್ಟು ಸಡಿಲವಾಗಿದೆಯೆಂದು ಮೊದಲೇ ಪರೀಕ್ಷಿಸುವುದು ಇದಕ್ಕಾಗಿಯೇ.

ಇನ್ನು ಹೊಲಿಗೆಯ ವಿವರ. ಎಳೆತ ಕಡಿಮೆಯಿದ್ದಲ್ಲಿ ಒಂದೇ ಸಾಲಿನ ಹೊಲಿಗೆ ಸಾಕು: ಒಂದು ತುದಿಯಲ್ಲಿ ಗಂಟುಹಾಕಿ, ದಾರವನ್ನು ಕಡಿಯದೆ, ಸುತ್ತಿ ಸುತ್ತಿ ಇನ್ನೊಂದು ತುದಿಗೆ ತಲುಪಿಸುವುದು. ಸುಶ್ರುತನ ವೇಲ್ಲಿತಕದ ಹೆಸರು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಹೀಗೆ ಮಾಡಿದರೆ ಎಳೆತವು ಒಂದು ಗಂಟಿನ ಮೇಲೆ ಬೀಳದೆ ಉದ್ದಕ್ಕೂ ಹಂಚಿಹೋಗುತ್ತದೆ. ಎಳೆತ ಹೆಚ್ಚಿದ್ದಲ್ಲಿ ಎರಡು ಸಾಲು ಬೇಕಾಗುತ್ತದೆ. ಮೈಯಲ್ಲಿಯೇ ಕರಗಿಹೋಗುವ ದಾರದಿಂದ ಒಳಪದರವನ್ನು ಮೊದಲು ಕೂಡಿಸಿ, ಭಾರವನ್ನು ಅದಕ್ಕೆ ವಹಿಸಿ, ಮೇಲಿನ ಸಾಲು ಅಂಚುಗಳನ್ನು ಸಮನಾಗಿ ಹಿಡಿಯುವಷ್ಟು ಮಾತ್ರ ಕೆಲಸಮಾಡುವಂತೆ ನೋಡಿಕೊಳ್ಳುತ್ತಾರೆ. ಬಿಗಿತ ಮಿತಿಮೀರಿದರೆ ದಾರದ ಹಿಡಿತದಲ್ಲಿ ಸಿಕ್ಕ ಚರ್ಮಕ್ಕೆ ರಕ್ತ ಸಾಲದೆ ಅಲ್ಲಿನ ರೋಮಕೂಪಗಳು ಸಾಯುತ್ತವೆ. ದೂರದಲ್ಲಿ, ಆಳವಾಗಿ ಚುಚ್ಚಿದ ಸೂಜಿ ಆರೋಗ್ಯವಾದ ಬೇರುಗಳನ್ನು ದಾರದ ಸುತ್ತಿನೊಳಗೆ ಸಿಕ್ಕಿಸುತ್ತದೆ. ಆದುದರಿಂದ ಅಂಚಿನಿಂದ ಕೆಲವೇ ಮಿಲಿಮೀಟರು ದೂರದಲ್ಲಿ, ಹೆಚ್ಚು ಆಳಕ್ಕಿಳಿಯದೆ, ಸಣ್ಣ ಸಣ್ಣ ಹೊಲಿಗೆ ಹಾಕುವುದು ನುರಿತವರ ಕ್ರಮ. ದೂರವೂ ಬೇಡ, ಹತ್ತಿರವೂ ಬೇಡ ಎಂಬ ಹಳೆಯ ಮಾತು ಇಲ್ಲಿ ಎಷ್ಟು ಜೀವಂತವಾಗಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ದಾರಗಳ ವಿಚಾರದಲ್ಲಿ ಹೆಚ್ಚು ನಿಲ್ಲುವುದಿಲ್ಲ. ಪ್ರಾಣಿಗಳ ಕರುಳಿನಿಂದ ಮಾಡಿದ ದಾರವನ್ನು ಕಾರ್ಬಾಲಿಕ್ ಆಮ್ಲದಿಂದ ಶುದ್ಧಿಮಾಡಿ ಬಳಸಬಹುದೆಂದು ಲಿಸ್ಟರ್ 1869ರಲ್ಲಿ ತೋರಿಸಿದ ಮೇಲೆ, ಮೈಯಲ್ಲಿ ಕರಗುವ ದಾರಕ್ಕೆ ಗೌರವ ಬಂದಿತು. ಈಗ ಅದರ ಸ್ಥಾನದಲ್ಲಿ ರಾಸಾಯನಿಕವಾಗಿ ತಯಾರಿಸಿದ ಎಳೆಗಳಿವೆ. ಹೊರಸಾಲಿಗೆ ನೈಲಾನಿನಂಥ, ಚರ್ಮವನ್ನು ಕೆರಳಿಸದ ಒಂಟಿ ಎಳೆಯನ್ನು ಹಾಕಿ, ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ತೆಗೆಯುತ್ತಾರೆ. ಪಾಲಿಗ್ಲೆಕಾಪ್ರೋನ್ ಎಂಬ ಕರಗುವ ಎಳೆಯನ್ನೇ ಹೊರಗೂ ಬಳಸಬಹುದೆಂದು ಬರ್ನ್‌ಸ್ಟೈನ್, ರಾಸ್‌ಮನ್ ಮೊದಲಾದವರು 2001ರಲ್ಲಿ ಬರೆದರು. ಲೋಹದ ಸ್ಟೇಪಲ್‌ಗಳನ್ನು ಇಷ್ಟಪಡುವವರೂ ಉಂಟು. ಅವು ಚರ್ಮವನ್ನು ಸುತ್ತಿ ಬಿಗಿಯುವುದಿಲ್ಲವಾದುದರಿಂದ ರೋಮಕೂಪಗಳಿಗೆ ಕ್ಷೇಮ. ದಿಂಬಿಗೆ ತಲೆಯಿಟ್ಟು ಮಲಗಬೇಕಾದ ರೋಗಿಯ ಅಭಿಪ್ರಾಯ ಬೇರೆಯಾಗಿರಬಹುದು.

ಹೊಲಿಗೆಯನ್ನು ತೆಗೆದ ದಿನ ಗಾಯ ಮಾದಂತೆ ಕಾಣುತ್ತದೆ; ಆದರೆ ಆಗ ಅದಕ್ಕೆ ಮೊದಲಿನ ಚರ್ಮದ ಬಲದಲ್ಲಿ ಅಲ್ಪಭಾಗ ಮಾತ್ರ ಬಂದಿರುತ್ತದೆ. ತಿಂಗಳುಗಳು ಕಳೆದ ಮೇಲೂ ಸುಮಾರು ಶೇಕಡಾ 80ರಷ್ಟು ಬಲ ಬರುವುದೇ ಹೆಚ್ಚು. ಎಳೆತದಲ್ಲಿರುವ ಗಾಯದ ಕಲೆ ಹಿಗ್ಗುವುದು ಈ ಅವಧಿಯಲ್ಲಿಯೇ, ಅಂದರೆ ವೈದ್ಯನ ಕಣ್ಣಿನಿಂದ ರೋಗಿ ದೂರವಾದ ಮೇಲೆ. ಕತ್ತಿಗೂ ಕಲೆಗೂ ನಡುವೆ ಹೀಗೆ ಕಾಲದ ಅಂತರವಿರುವುದರಿಂದ, ತಪ್ಪು ಯಾರದೆಂಬ ಪ್ರಶ್ನೆ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ನನ್ನ ಮಿತ್ರರ ಪ್ರಶ್ನೆಗೂ ಇದಕ್ಕಿಂತ ಖಚಿತವಾದ ಉತ್ತರವನ್ನು ನಾನು ಕೊಡಲಾರದವನಾದೆನು.

ಒಳ್ಳೆಯ ಹೊಲಿಗೆಯೂ ಒಂದು ಸಣ್ಣ ಬಿಳಿಗೆರೆಯನ್ನು ಬಿಡುತ್ತದೆ. ಏಕೆಂದರೆ ಕಲೆಯಲ್ಲಿ ಕೂದಲು ಹುಟ್ಟದು. ಈ ಗೆರೆಯ ಮೂಲಕವೇ ಕೂದಲನ್ನು ಬೆಳೆಯಿಸಲಾಗದೇ ಎಂಬ ಯೋಚನೆಯಿಂದ ಹುಟ್ಟಿದುದು ಟ್ರೈಕೊಫೈಟಿಕ್ ಎಂಬ ಮುಚ್ಚುಗೆಯ ಕ್ರಮ. ಗ್ರೀಕಿನಲ್ಲಿ ಕೂದಲು, ಗಿಡ ಎಂಬ ಎರಡು ಮಾತುಗಳು ಕೂಡಿದ ಹೆಸರಿದು. ಫ್ರಾನ್ಸಿನ ಫ್ರೆಶೆ, ಆಸ್ಟ್ರೇಲಿಯಾದ ಮಾರ್ಜೋಲ, ಅಮೆರಿಕದ ರೋಸ್ ಇವರ ಬರಹಗಳಿಂದ 2005ರ ಸುಮಾರಿಗೆ ಇದು ಪ್ರಚಾರಕ್ಕೆ ಬಂದಿತು. ಪಟ್ಟಿಯನ್ನು ತೆಗೆದ ಮೇಲೆ, ಗಾಯದ ಒಂದು ಅಂಚಿನ ಹೊರಚರ್ಮವನ್ನು ಸುಮಾರು ಒಂದು ಮಿಲಿಮೀಟರು ಅಗಲಕ್ಕೆ, ಅಷ್ಟೇ ಆಳಕ್ಕೆ, ಓರೆಯಾಗಿ ಸವರಿ ತೆಗೆಯುತ್ತಾರೆ. ಕೆಲವರು ಮೇಲಿನ ಅಂಚನ್ನು, ಕೆಲವರು ಕೆಳಗಿನ ಅಂಚನ್ನು ಆರಿಸಿಕೊಳ್ಳುವುದುಂಟು. ಸವರಿದ ಭಾಗದ ಕೂದಲುಗಳ ತಲೆ ಹೋಗುತ್ತದೆ, ಬೇರು ಉಳಿಯುತ್ತದೆ. ಎದುರಿನ ಅಂಚನ್ನು ಅದರ ಮೇಲೆ ಹೊದಿಸಿ ಹೊಲಿಯುತ್ತಾರೆ. ಕೆಲವು ತಿಂಗಳುಗಳಲ್ಲಿ ಕೆಳಗೆ ಸಿಕ್ಕ ಬೇರುಗಳಿಂದ ಕೂದಲು ಎದ್ದು, ಕಲೆಯನ್ನು ಸೀಳಿಕೊಂಡು ಹೊರಬರುತ್ತದೆ. ಗೋಡೆಯ ಬಿರುಕಿನಲ್ಲಿ ಅರಳಿಗಿಡ ಏಳುವುದನ್ನು ನೋಡಿದವರಿಗೆ ಇದರ ಕಲ್ಪನೆ ಕಷ್ಟವಲ್ಲ.

ಹೊಲಿಯುವ ಮುನ್ನ ಗಾಯದೊಳಗಿನ ಕೂದಲನ್ನು ತೆಗೆಯಬೇಕೆಂದು ಸುಶ್ರುತನು ವಿಧಿಸಿದ್ದನಷ್ಟೆ. ಇಲ್ಲಿ ಬೇಕೆಂದೇ ಕೂದಲಿನ ಬೇರನ್ನು ಗಾಯದ ಅಂಚಿನಡಿಯಲ್ಲಿ ಹೂಳುತ್ತಾರೆ. ಮೇಲುನೋಟಕ್ಕೆ ಇದು ಶಾಸ್ತ್ರವಿರೋಧ. ಸುಶ್ರುತನು ಹೇಳಿದುದು ಹೊರಗಿನಿಂದ ಬಂದ ನಿರ್ಜೀವವಾದ ಕೂದಲನ್ನು. ಇಲ್ಲಿರುವುದು ತನ್ನ ನೆಲದಲ್ಲಿಯೇ ಬೇರೂರಿದ ಜೀವಂತವಾದುದು. ಆದುದರಿಂದ ವಿರೋಧವಿಲ್ಲವೆಂದು ಸಮಾಧಾನ ಹೇಳಬಹುದು. ಆದರೂ ಹಳೆಯ ಎಚ್ಚರಿಕೆ ಪೂರ್ತಿ ಸುಳ್ಳಾಗಿಲ್ಲ. ಕೆಲವರಲ್ಲಿ ಕೂದಲು ದಾರಿ ಸಿಗದೆ ಒಳಗೇ ಸುರುಳಿಗೊಂಡು ಗುಳ್ಳೆಗಳೇಳುತ್ತವೆ. ಸವರಿದುದು ಮಿತಿಗಿಂತ ಆಳವಾದರೆ ಎಣ್ಣೆಗ್ರಂಥಿಗಳು ಕೆಟ್ಟು ಗಂಟುಗಳಾಗುವುದೂ ಉಂಟು. ಮೇಲಾಗಿ ಎಳೆತದಿಂದ ಹಿಗ್ಗಿದ ಕಲೆಯನ್ನು ಈ ಉಪಾಯ ಮುಚ್ಚಲಾರದು. ಸಣ್ಣ ಗೆರೆಯನ್ನು ಮರೆಯಿಸುವುದಷ್ಟೇ ಇದರ ಶಕ್ತಿ.

ರಾಸ್‌ಮನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಇನ್ನೊಂದು ಮಾರ್ಗದಲ್ಲಿ ಹೊಲಿಗೆಯೇ ಇಲ್ಲ. ಸುಮಾರು ಒಂದು ಮಿಲಿಮೀಟರು ಅಗಲದ ದುಂಡು ಕತ್ತಿಯಿಂದ ಗೊಂಚಲುಗಳನ್ನು ಒಂದೊಂದಾಗಿ ತೆಗೆದು, ಗುಂಡಿಗಳನ್ನು ತೆರೆದೇ ಬಿಡುತ್ತಾರೆ. ಕೆಲವೇ ದಿನಗಳಲ್ಲಿ ಅವು ಮಾಯುತ್ತವೆ. ಈಗ ಹೆಚ್ಚು ಜನ ಕೇಳುವುದು ಇದನ್ನೇ. ಗಾಯದ ಗುರುತೇ ಉಳಿಯದೆಂದು ಹೇಳಿಕೊಳ್ಳುವುದನ್ನು ಕಂಡಾಗ ಇತಿಹಾಸದ ವಿದ್ಯಾರ್ಥಿಗೆ 1959 ನೆನಪಾಗದಿರದು. ತೆರೆದ ಗುಂಡಿ ಬಿಡುವುದು ಬಿಳಿಯ ಚುಕ್ಕೆಯನ್ನೇ. ಚುಕ್ಕೆ ಚಿಕ್ಕದಾಗಿದೆ, ಸಂಖ್ಯೆ ಸಾವಿರಾರಾಗಿದೆ. ಮಿತಿಮೀರಿ ತೆಗೆದ ಹಿಂದಲೆ ನುಸಿ ತಿಂದ ಕಂಬಳಿಯಂತೆ ಕಾಣುತ್ತದೆ. ಶಾಸನದ ಲಿಪಿಯನ್ನು ನೋಡಿ ಶತಮಾನವನ್ನು ಹೇಳುವಂತೆ, ಹಿಂದಲೆಯನ್ನು ನೋಡಿ ಚಿಕಿತ್ಸೆಯ ಕಾಲವನ್ನು ಸುಮಾರಾಗಿ ಹೇಳಬಹುದು: ದೊಡ್ಡ ಚುಕ್ಕೆಗಳ ಸಾಲು, ಒಂದು ಗೆರೆ, ಕೂದಲು ತೂರಿದ ಗೆರೆ, ಸಣ್ಣ ಚುಕ್ಕೆಗಳ ಚೆಲ್ಲಾಟ.

ಕೆಲಸ ಸುಲಭವಾಗಿ ತೋರಿದುದರಿಂದ ಅದಕ್ಕೆ ಕೈಹಾಕಿದವರೂ ಹೆಚ್ಚಿದರು. ನಮ್ಮ ದೇಶದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕಾರ್ಯಾಗಾರಗಳಲ್ಲಿಯೋ ಯೂಟ್ಯೂಬಿನಲ್ಲಿಯೋ ನೋಡಿ ಕಲಿತುದು ಈ ಶಸ್ತ್ರಕ್ರಿಯೆಗೆ ಸಾಕಾದ ಶಿಕ್ಷಣವಲ್ಲವೆಂದು ಹೇಳಬೇಕಾಗಿ ಬಂದಿತು. ಚಿಕಿತ್ಸೆಗೆ ಹೋಗುವ ನಮ್ಮ ವಿದ್ಯಾರ್ಥಿಗಳು, ಮುಂದಲೆಯ ಚಿತ್ರಗಳ ಜೊತೆಗೆ, ಒಂದು ವರ್ಷ ಕಳೆದ ಹಿಂದಲೆಗಳ ಚಿತ್ರಗಳನ್ನೂ ತೋರಿಸಿರೆಂದು ಕೇಳುವುದು ಒಳ್ಳೆಯದು.

ಅಗಲವಾಗಿ ಹಿಗ್ಗಿದ ಹಳೆಯ ಕಲೆಗಳಿಗೆ ಈಗ ಮಾಡುವ ಪರಿಹಾರವೊಂದುಂಟು. ಹೊಲಿಗೆಯ ಕಲೆಯನ್ನು ಕತ್ತರಿಸಿ ಮತ್ತೆ ಹೊಲಿಯಲು ಚರ್ಮದಲ್ಲಿ ಸಡಿಲವಿಲ್ಲದಿದ್ದರೆ, ತಲೆಯ ಬೇರೆ ಭಾಗದಿಂದಲೋ ಗಡ್ಡದಿಂದಲೋ ಒಂದೊಂದು ಗೊಂಚಲನ್ನು ತೆಗೆದು ಕಲೆಯಲ್ಲಿಯೇ ನೆಡುತ್ತಾರೆ. ಕಲೆಯಲ್ಲಿ ರಕ್ತಸಂಚಾರ ಕಡಿಮೆಯಾದುದರಿಂದ ಒಮ್ಮೆಗೇ ಒತ್ತಾಗಿ ನೆಡದೆ, ವಿರಳವಾಗಿ ಎರಡು ಸಲ ನೆಡುವುದು ಕ್ರಮ. ಮಿತ್ರರು ಇದನ್ನು ಮಾಡಿಸಿಕೊಳ್ಳುವ ಯೋಚನೆಯಲ್ಲಿದ್ದಾರೆ. ದುಂಡು ಕತ್ತಿಯಿಂದ ತೆಗೆದ ಕೂದಲನ್ನು ಕಲೆಯಲ್ಲಿ ನೆಡುವುದು, ಇದು 1939ರಲ್ಲಿ ಒಕುಡ ಮಾಡಿದ ಕೆಲಸವೇ ಎಂದು ಅವರಿಗೆ ಹೇಳಿದೆನು. “ಹಾಗಾದರೆ ಕೊಡುವ ಜಾಗಕ್ಕೆ ಈ ಸಲ ಏನು ಮಾಡುತ್ತಾರಂತೆ?” ಎಂದರು.